ಮೊಟ್ಟೆ ಡಾಕ್ಟ್ರಮ್ಮ

ಅವರ ಬಲಗೈಯ ಬೆರಳ ತುದಿಗಳು ಹಸಿರಾಗಿದ್ದವು. ಸೊಪ್ಪು ಬಿಡಿಸುವ ಹೆಂಗಸರ ಕೈಯೂ ಹಸಿರಾಗುತ್ತದೆ, ಆದರೆ ಅದು ತೊಳೆದರೆ ಹೋಗುತ್ತದೆ. ಇದು ಹೋಗುವ ಬಣ್ಣವಾಗಿರಲಿಲ್ಲ. ನವಿಲುಗರಿಯ ಕಣ್ಣಿನಂಥ ಗಾಢ ಹಸಿರು ಉಗುರಿನ ಸಂದಿಯೊಳಕ್ಕೂ ಇಳಿದು ಕೂತಿತ್ತು. ಆ ಬೆರಳುಗಳಿಂದಲೇ ಅವರು ಮುಚ್ಚಳವಿದ್ದ ಒಂದು ಪುಟ್ಟ ಡಬ್ಬಿಯನ್ನು ನನ್ನ ಕಡೆ ತಳ್ಳಿ, "ಆಚೆ ಬೇವಿನ ಮರದ ಕೆಳಗೆ ನಿಂತ್ಕೊಂಡು ಇದಕ್ಕೆ ಕಫ ಉಗುಳ್ಕೊಂಡು ಬಾರಪ್ಪ. ಎಂಜಲು ಬೇಡ, ಎದೆಯಾಳದಿಂದ ಬರ್ಬೇಕು" ಅಂದರು. ನಾನು ನಾಚಿಕೊಂಡು ನಿಂತೆ. "ಬಸ್ಸಲ್ಲಿ ಅಷ್ಟು ಜನರ ಮುಂದೆ ಕೂಗ್ತೀಯ, ಮರದ ಮುಂದೆ ಕೆಮ್ಮೋಕೆ ನಾಚಿಕೆಯಾ?" ಎಂದು ಗಟ್ಟಿಯಾಗಿ ನಕ್ಕರು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ನಾಗಮಂಗಲದಿಂದ ಪಾಂಡವಪುರ, ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೆ ಓಡುವ ಬಸ್ಸಿನಲ್ಲಿ ಕಂಡಕ್ಟರಾಗಿದ್ದೆ. ಮದುವೆಯಾಗಿ ಮೂರನೆಯ ವರ್ಷ. ಮನೆಯಲ್ಲಿ ಆಗತಾನೆ ನಡೆಯಲು ಕಲಿತ ಮಗಳು. ಒಂದು ಬೇಸಿಗೆಯಲ್ಲಿ ಹಿಡಿದ ಕೆಮ್ಮು ಮಳೆಗಾಲ ಮುಗಿದರೂ ಬಿಡಲಿಲ್ಲ. ನಮ್ಮೂರ ಹತ್ತಿರ ಔಷಧಿ ಕೊಡುತ್ತಿದ್ದ ಒಬ್ಬರು ಎದೆಗೆ ಕಿವಿ ಕೊಟ್ಟು, "ವಸಿ ಟೀಬಿ ಸೋಕದೆ, ಎದ್ರಿಕೋಬೇಡ" ಎಂದು ಒಂದೇ ಬಗೆಯ ಮಾತ್ರೆಯನ್ನು ಬರೆದುಕೊಟ್ಟರು. ಅದನ್ನು ಒಂದು ಹೊತ್ತೂ ತಪ್ಪಿಸದೆ ನುಂಗಿದೆ. ಮೊದಮೊದಲು ಮೈಗೆ ಕಸುವು ಬಂತು, ಊಟ ಸೇರಿತು, ಗೆದ್ದೆನೆಂದುಕೊಂಡೆ. ಆಮೇಲೆ ಕೆಮ್ಮು ಮೊದಲಿಗಿಂತ ಜೋರಾಗಿ ತಿರುಗಿ ಬಂತು. ಜಕ್ಕನಹಳ್ಳಿಯ ಸ್ಟಾಪಿನಲ್ಲಿ ಸೀಟಿ ಊದಲು ಹೋಗಿ ಉಸಿರು ಸಾಲದೆ ಫುಟ್‌ಬೋರ್ಡಿನ ಮೇಲೆ ಕೂತುಬಿಟ್ಟ ದಿನ, ಡ್ರೈವರು ಬಸ್ಸನ್ನು ಬದಿಗೆ ನಿಲ್ಲಿಸಿ, "ಲೇ, ಇವತ್ತೇ ಪಾಂಡವಪುರದ ಎದೆರೋಗದ ಆಸ್ಪತ್ರೆಗೆ ಹೋಗ್ಲಾ, ಇಲ್ದಿದ್ರೆ ನಾನೇ ಎತ್ತಾಕ್ಕೊಂಡು ಓಯ್ತೀನಿ" ಎಂದು ಗದರಿದ.

ಅದು ಊರಾಚೆ ಕಬ್ಬಿನ ಗದ್ದೆಗಳ ನಡುವೆ ಇದ್ದ ಒಂದು ಟ್ರಸ್ಟಿನ ಆಸ್ಪತ್ರೆ. ರೋಗಿಗಳನ್ನು ನೋಡುವ ದೊಡ್ಡ ಡಾಕ್ಟರು ಬೇರೆ ಇದ್ದರು. ಇವರು ಹಿಂದಿನ ಕಟ್ಟಡದ ಲ್ಯಾಬಿನವರು. ಬೆಂಗಳೂರಿನಲ್ಲಿ ಬಹಳ ವರ್ಷ ಕ್ಷಯದ ಕ್ರಿಮಿಗಳನ್ನೇ ಬೆಳೆಸಿ, ಅವುಗಳ ಮೇಲೆ ಔಷಧಿ ಪರೀಕ್ಷಿಸುವ ಕೆಲಸ ಮಾಡಿ, ತಮ್ಮ ಸೀಮೆಯಲ್ಲೂ ಅಂಥದ್ದೊಂದು ಲ್ಯಾಬು ಇರಲೇಬೇಕು ಎಂದು ಹಟ ತೊಟ್ಟು ಬಂದಿದ್ದರು. ಬೂಕನಕೆರೆಯ ಜಮೀನುದಾರರ ಮಗಳು. ಮದುವೆಯಾಗಿರಲಿಲ್ಲ. ಕೈಗೆ ಗಂಡಸರ ದೊಡ್ಡ ಗಡಿಯಾರ, ಕಾಲಿಗೆ ರಬ್ಬರಿನ ಚಪ್ಪಲಿ, ನೆರಿಗೆ ಎತ್ತಿ ಪಿನ್ನು ಹಾಕಿದ ಹತ್ತಿ ಸೀರೆ, ಅದರ ಮೇಲೆ ಬಿಳಿ ಕೋಟು. ಮೊಪೆಡ್ಡಿನಲ್ಲಿ ಬರುವಾಗ ಎದುರು ಬಂದ ಕಬ್ಬಿನ ಗಾಡಿಯವರನ್ನೆಲ್ಲ ಎಡಕ್ಕೆ ಹೊಡೆಯಿರಿ ಎಂದು ಬೈದುಕೊಂಡೇ ಬರುತ್ತಿದ್ದರು. ಲ್ಯಾಬಿನಿಂದ ಹೊರಬಂದರೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ವರಾಂಡದ ಬೆಂಚಿನ ಮೇಲೆ ಕೂತು ಚಕ್ಕುಲಿ ತಿನ್ನುವರು. ತಿನ್ನುವಾಗ ಯಾರಾದರೂ ರೋಗದ ಮಾತೆತ್ತಿದರೆ, "ಚಕ್ಕುಲಿ ಮುಗೀಲಿ ತಡಿ" ಎನ್ನುವರು.

ಜನ ಅವರನ್ನು ಮೊಟ್ಟೆ ಡಾಕ್ಟ್ರಮ್ಮ ಎಂದೇ ಕರೆಯುತ್ತಿದ್ದರು. ಬೂಕನಕೆರೆ ಸಂತೆಯಿಂದ ಬುಟ್ಟಿಗಟ್ಟಲೆ ನಾಟಿ ಕೋಳಿ ಮೊಟ್ಟೆ ತರಿಸುತ್ತಿದ್ದರು. ಅವನ್ನು ಮಕ್ಕಳ ಮೈ ತೊಳೆದ ಹಾಗೆ ಬ್ರಷ್ಷಿನಿಂದ ತೊಳೆದು, ಸ್ಪಿರಿಟ್ಟಿನಲ್ಲಿ ಅದ್ದಿ, ಒಡೆದು, ಕಲಕಿ, ಉಪ್ಪಿನಂಥ ಒಂದಿಷ್ಟು ಪುಡಿಗಳನ್ನೂ ಹಸಿರು ಬಣ್ಣವನ್ನೂ ಬೆರೆಸಿ, ಪುಟ್ಟ ಸೀಸೆಗಳಿಗೆ ಹೊಯ್ದು, ಓರೆಯಾಗಿ ಮಲಗಿಸಿ ಬಿಸಿಯಲ್ಲಿ ಗಟ್ಟಿ ಮಾಡುತ್ತಿದ್ದರು. ಆ ಮೊಟ್ಟೆಯ ಹಾಸಿನ ಮೇಲೆಯೇ ಕ್ಷಯದ ಕ್ರಿಮಿ ಬೆಳೆಯುವುದು. ಬೇರೆ ಕ್ರಿಮಿ, ಬೂಷ್ಟು ಮೇಲೇಳದಿರಲಿ ಎಂದು ಆ ಹಸಿರು ಬಣ್ಣ. ಫಾರಂ ಕೋಳಿ ಮೊಟ್ಟೆ ಅವರಿಗಾಗದು. "ಆ ಕೋಳಿಗಳ ತಿಂಡೀಲೇ ಔಷಧಿ ಬೆರೆಸಿರ್ತಾರೆ ಕಣಪ್ಪ. ಮೊಟ್ಟೆಗೂ ಬಂದಿರ್ತದೆ. ಅದರ ಮೇಲೆ ನನ್ನ ಕ್ರಿಮಿ ಏಳೋದಿಲ್ಲ" ಎನ್ನುವರು. ರೋಗಕ್ಕೆ ನಾಟಿ ಮೊಟ್ಟೆ ಹಾಕಿ ಸಾಕುತ್ತಾಳಂತೆ ಈಯಮ್ಮ ಎಂದು ಊರಿನವರಿಗೆ ನಗು. ಅವರೂ ನಗುತ್ತಿದ್ದರು. "ಹೂ ಕಣ್ರೋ, ಸಾಕಿದ ಮೇಲೇ ಅದರ ಬುದ್ಧಿ ಗೊತ್ತಾಗೋದು." ಕರೆಂಟು ಹೋದರೆ ಕ್ರಿಮಿಗಳ ಬಿಸಿ ಪೆಟ್ಟಿಗೆಗೆ ಕಂಬಳಿ ಹೊದಿಸುತ್ತಿದ್ದುದನ್ನು ಮಾತ್ರ ನಾನು ಕಣ್ಣಾರೆ ನೋಡಿದ ಮೇಲೇ ನಂಬಿದ್ದು.

ಕ್ಷಯದ ಕ್ರಿಮಿ ನಿಧಾನಸ್ಥ. ಬೇರೆ ಕ್ರಿಮಿಗಳು ಬೆಳಗಾಗುವುದರಲ್ಲಿ ಮಾಡುವ ಕೆಲಸಕ್ಕೆ ಇದು ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ನನ್ನ ಕಫ ಸೀಸೆಯಲ್ಲಿ ಬೆಳೆಯುವವರೆಗೆ ದೊಡ್ಡ ಡಾಕ್ಟರು ಹಳೆಯ ಮಾತ್ರೆಗೆ ಇನ್ನೊಂದನ್ನು ಜೊತೆ ಮಾಡಿ ಕೊಟ್ಟಿದ್ದರು. ಆಗ ಎಲ್ಲ ಕಡೆ ಕೊಡುತ್ತಿದ್ದ ಜೋಡಿಯೇ ಅದು. ನನಗದು ತಾಗಲಿಲ್ಲ. ನಾನು ರಜೆಯಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ, ಅಂಗಿ ತೂಗುಹಾಕುವ ಗೂಟದಂತಾಗಿದ್ದೆ. ಅಕ್ಕಿಹೆಬ್ಬಾಳಿನಿಂದ ನನ್ನ ಮಾವ ಬಂದು, ಬಾಗಿಲಾಚೆಯೇ ನಿಂತು ಮಾತಾಡಿದ್ದರು. "ಮಗಳ್ನೂ ಮೊಮ್ಮಗೀನೂ ಕರ್ಕೊಂಡೋಗ್ತೀನಿ. ಈ ಕಾಯ್ಲೆ ವಿಷ್ಯ ನಮ್ಮೂರ್ನಾಗೆ ಒಬ್ರಿಗೂ ತಿಳೀಬಾರ್ದು. ಎಣ್ಣು ಕೂಸು ಅದು, ನಾಳೆ ಯಾರು ಮದ್ವೆ ಆಯ್ತಾರೆ?" ನಾನು ತಲೆಯಾಡಿಸಿದೆ. ನನ್ನ ಹೆಂಡತಿ ಮಾತ್ರ ಅಪ್ಪನ ಕಣ್ಣು ತಪ್ಪಿಸಿ ಕಿಟಕಿಯ ಹತ್ತಿರ ಬಂದು, ಮಗುವನ್ನು ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ತೋರಿಸುವುದಾಗಿ ಹೇಳಿ ಹೋದಳು.

ಅದಾಗಿ ಬಹಳ ದಿನಗಳ ಮೇಲೆ ಡಾಕ್ಟ್ರಮ್ಮ ವಾರ್ಡಿಗೆ ಬಂದು, "ಏಳು ಕಂಡಕ್ಟ್ರೇ, ನಿನ್ನ ಬೆಳೆ ನೋಡುವಂತೆ ಬಾ" ಎಂದು ಕರೆದರು. ಲ್ಯಾಬಿನ ಒಳಕ್ಕೆ ಯಾರನ್ನೂ ಬಿಡುತ್ತಿರಲಿಲ್ಲ. ಗಾಜಿನ ಕಿಟಕಿಯ ಈಚೆ ನಿಲ್ಲಿಸಿದರು. ಮೂಗು ಬಾಯಿಗೆ ಬಟ್ಟೆ ಕಟ್ಟಿ, ಕೈಗೆ ಗ್ಲೌಸು ಹಾಕಿ, ಗಾಜಿನ ಪೆಟ್ಟಿಗೆಯೊಳಗೆ ಎರಡು ಸೀಸೆ ಇಟ್ಟುಕೊಂಡರು. ಎರಡರಲ್ಲೂ ಹಸಿರು ಹಾಸಿನ ಮೇಲೆ ಹೂಕೋಸಿನ ಚೂರುಗಳಂತೆ ಕೆನೆಬಣ್ಣದ ಗಂಟುಗಳು. ಮೊದಲನೆಯದಕ್ಕೆ ಯಾವುದೋ ನೀರಿನ ಹನಿ ಬಿಟ್ಟರು. ಸೋಡಾ ಬಾಟಲಿ ಒಡೆದ ಹಾಗೆ ಬುರಬುರನೆ ನೊರೆ ಎದ್ದಿತು. ಎರಡನೆಯದಕ್ಕೂ ಅದೇ ಹನಿ. ಏನೂ ಆಗಲಿಲ್ಲ. ಹನಿ ಸುಮ್ಮನೆ ಕೆಳಗಿಳಿದು ಕೂತಿತು. ಅದು ನನ್ನದು.

ಹೊರಬಂದು ಕೈ ತೊಳೆದು, ಬೆಂಚಿನ ಮೇಲೆ ನನ್ನನ್ನು ಗಾಳಿಯ ಆಚೆ ಬದಿಗೆ ಕೂರಿಸಿಕೊಂಡು ವಿವರಿಸಿದರು. ಅಷ್ಟು ಓದಿದವರು ನನಗೆ ಯಾಕೆ ಅಷ್ಟೆಲ್ಲ ಹೇಳಿದರು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ರೋಗಿಗೆ ತನ್ನ ರೋಗ ಅರ್ಥವಾಗಲೇಬೇಕು ಎನ್ನುವುದು ಅವರ ಜಿದ್ದು.

"ನೋಡಪ್ಪ, ನೀನು ನುಂಗ್ತಿದ್ದ ಮಾತ್ರೆ ತಾನಾಗಿ ವಿಷ ಅಲ್ಲ. ಕ್ರಿಮಿಯೊಳಗೆ ಒಂದು ಕಿಣ್ವ ಇರ್ತದೆ. ಕಿಣ್ವ ಅಂದ್ರೆ ಜೀವದೊಳಗಿನ ಕೆಲಸಗಾರ ಅಂತ ಇಟ್ಕೋ. ನಮ್ಮ ರಕ್ತ ಕ್ರಿಮಿ ಮೇಲೆ ಒಂದು ಥರದ ಸುಡೋ ನೀರು ಎರಚ್ತದೆ. ನಾನು ಈಗ ಹಾಕಿದ ಹನಿ ಇತ್ತಲ್ಲ, ಅದೇ ಜಾತೀದು. ಆ ಕಿಣ್ವ ಅದನ್ನ ನೊರೆ ಮಾಡಿ ಹಾರಿಸಿಬಿಟ್ಟು ಕ್ರಿಮೀನ ಕಾಪಾಡ್ತದೆ. ಆದರೆ ನಮ್ಮ ಮಾತ್ರೆ ಒಳಗೆ ಹೋದಾಗ ಅದೇ ಕಿಣ್ವ ಕೈ ಹಾಕಿ ಮಾತ್ರೇನ ವಿಷ ಮಾಡ್ತದೆ. ಕ್ರಿಮಿ ತನ್ನ ಕಾವಲುಗಾರನ ಕೈಯಿಂದಲೇ ಸಾಯ್ತದೆ."

"ನನ್ನೊಳಗಿನವು ಯಾಕೆ ಸಾಯ್ಲಿಲ್ಲ ಅಮ್ಮಾವ್ರೆ?"

"ಅವುಕ್ಕೆ ಆ ಕಾವಲುಗಾರನೇ ಇಲ್ಲ. ಲೆಕ್ಕವಿಲ್ಲದಷ್ಟು ಕ್ರಿಮಿ ಹುಟ್ತವಲ್ಲ, ಎಲ್ಲೋ ಒಂದರಲ್ಲಿ ಆ ಕಿಣ್ವದ ಜೀನು ಹುಟ್ಟುವಾಗಲೇ ಕೆಟ್ಟಿರ್ತದೆ. ಮಾಮೂಲಿ ದಿನದಲ್ಲಿ ಅದು ನಿಶ್ಶಕ್ತ, ಹಿಂದೆ ಬಿದ್ದಿರ್ತದೆ. ಒಂದೇ ಮಾತ್ರೆ ಕೊಟ್ಟು ಗಟ್ಟಿಯಾದವನ್ನೆಲ್ಲ ಸಾಯಿಸಿದ್ರಲ್ಲ, ಮನೆ ಪೂರ್ತಿ ಇದಕ್ಕೆ ಬಿಟ್ಟುಕೊಟ್ಟಂಗಾಯ್ತು."

"ಔಷಧಿಗೆ ಬಗ್ಗದೆ ಇರೋದನ್ನ ಕಲಿತುಬುಟ್ಟವೆ ಅನ್ನಿ" ಅಂದೆ.

ಅವರಿಗೆ ನಿಜವಾಗಿಯೂ ಸಿಟ್ಟು ಬಂತು. "ಕಲೀಲಿಲ್ಲ! ಯಾವುದೂ ಏನೂ ಕಲಿಯಲ್ಲ. ಕಲಿತವು ಅನ್ಬೇಡ, ಉಳಿದವು ಅನ್ನು. ಕಲಿಯೋದೇನಿದ್ರೂ ನಾವು." ಆ ಒಂದು ಮಾತಿಗೆ ಅವರು ದೊಡ್ಡ ಡಾಕ್ಟರ ಜೊತೆಗೂ ಜಗಳವಾಡುತ್ತಿದ್ದರೆಂದು ಆಮೇಲೆ ತಿಳಿಯಿತು.

ಇಷ್ಟು ಹೇಳಿ ಏಳುವಾಗ ತಟಕ್ಕನೆ ನಿಂತು, "ಮನೇಲಿ ಯಾರ್ಯಾರಿದ್ದಾರೆ?" ಎಂದು ಕೇಳಿದರು. ಹೆಂಡತಿ, ಮಗಳು, ಮಾವನ ಮನೆಯಲ್ಲಿದ್ದಾರೆ ಎಂದೆ. ಮಗುವಿಗೆ ಏನಾದರೂ ಔಷಧಿ ಕೊಡುತ್ತಿದ್ದಾರಾ ಎಂದರು. ಕೊಡುತ್ತಿದ್ದಾರೆ, ರೋಗ ಬಾರದ ಹಾಗೆ ತಡೆಯಲು ಅರ್ಧ ಮಾತ್ರೆ, ನನಗೆ ಕೊಡುತ್ತಿದ್ದದ್ದೇ, ಎಂದೆ.

ಅವರ ಮುಖದ ನಗು ಇಳಿಯಿತು. "ಮಗು ಹೆಂಗದೆ?"

"ವಸಿ ಸೊರಗದೆ ಅಂತ ಹೆಂಡ್ತಿ ಹೇಳಿ ಕಳಿಸಿದ್ಲು. ಹಲ್ಲು ಬರ್ತಿರೋದ್ಕೆ ಅಂತೆ."

"ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಾಣ" ಎಂದವರು, ಕೋಟು ಬಿಚ್ಚುತ್ತ ಒಳಗೆ ಹೋದರು.

ಅಷ್ಟರೊಳಗೆ ದೊಡ್ಡ ಡಾಕ್ಟರಿಗೂ ಅವರಿಗೂ ನನ್ನ ವಿಷಯದಲ್ಲಿ ವಾದವಾಯಿತು. ಹಳೆಯದರ ಜೊತೆಗೆ ಹೊಸದೊಂದು ಸೇರಿಸೋಣ ಎಂದು ದೊಡ್ಡ ಡಾಕ್ಟರು. "ಹೊಸ ಔಷಧಿ ಒಂದನ್ನೇ ಕಳಿಸಿದ್ರೆ ಅದಕ್ಕೂ ಬಗ್ಗದೆ ಇರೋ ಕ್ರಿಮಿ ಉಳ್ಕೊಳ್ತದೆ ಸಾರ್. ಹೊಸವನ್ನ ಎಲ್ಲಾನೂ ಒಟ್ಟಿಗೆ ಕಳಿಸಿ" ಎಂದು ಡಾಕ್ಟ್ರಮ್ಮ. ದೊಡ್ಡ ಡಾಕ್ಟರು ಒಳ್ಳೆಯ ಮನುಷ್ಯ, ಒಪ್ಪಿದರು. ಆ ದಿನವೇ ನನಗೆ ಸೊಂಟದ ಇಂಜೆಕ್ಷನ್ನೂ ಹೊಸ ಮಾತ್ರೆಗಳೂ ಶುರುವಾದವು.

ಮಾರನೆಯ ದಿನ ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಾಯಿಸಿ ಅಕ್ಕಿಹೆಬ್ಬಾಳಿಗೆ ಹೋದೆವು. ನಾನು ಹಿಂದಿನ ಸೀಟಿನಲ್ಲಿ, ಕಿಟಕಿ ತೆರೆದುಕೊಂಡು, ಬಾಯಿಗೆ ಟವೆಲು ಸುತ್ತಿಕೊಂಡು. ಅವರು ಮುಂದೆ ಕೂತು ಡ್ರೈವರಿಗೆ ಬುದ್ಧಿ ಹೇಳುತ್ತ. ಹೇಮಾವತಿಯ ಕಡೆಯ ಗದ್ದೆಗಳಲ್ಲಿ ಹೆಂಗಸರು ಬಗ್ಗಿ ಕಳೆ ಕೀಳುತ್ತಿದ್ದರು. ಮಾವ ಕೊಟ್ಟಿಗೆಯಲ್ಲಿ ಹಾಲು ಕರೆದು ಎದ್ದು ಬರುತ್ತಿದ್ದವರು, ನನ್ನನ್ನು ನೋಡಿ ಬಕೆಟ್ಟು ಹಿಡಿದೇ ನಿಂತರು.

"ನೀನು ಅಲ್ಲೇ ಇರಪ್ಪಾ. ಒಳೀಕೆ ಬರ್ಬೇಡ."

ನಾನು ಅಂಗಳದ ಕಲ್ಲಿನ ಮೇಲೆ ಕೂತೆ. ಡಾಕ್ಟ್ರಮ್ಮ ತಾವು ಯಾರೆಂದು ಹೇಳಿ, ಮಗುವನ್ನು ನೋಡಬೇಕು ಎಂದರು.

"ಮೊಗ ಚೆಂದಾಗದೆ ಕಣವ್ವ. ಅಲ್ಲು ಬತ್ತಾ ಅವೆ, ಅದ್ಕೆ ವಸಿ ಬಡವಾಗದೆ. ಇಲ್ಲಿ ಆಸ್ಪತ್ರೇಲಿ ಮಾತ್ರೆ ಕೊಡ್ತಾವ್ರೆ. ನೀವು ಇಂಗೆ ಮನೆಗಂಟ ಬಂದ್ರೆ ಅಕ್ಕಪಕ್ಕದೋರು ಏನಂದ್ಕಂಡಾರು?"

"ನೆಂಟರು ಅಂತ ಹೇಳಿ. ಬೂಕನಕೆರೆಯೋಳು ನಾನು, ಸುಳ್ಳೇನಾಗಲ್ಲ."

ಹೆಂಡತಿ ಮಗುವನ್ನೆತ್ತಿಕೊಂಡು ಜಗಲಿಗೆ ಬಂದಳು. ಎಷ್ಟೋ ತಿಂಗಳ ಮೇಲೆ ನೋಡಿದ್ದು. ಗುಂಡುಗುಂಡಾಗಿದ್ದ ಕೂಸಿನ ಮುಖದಲ್ಲಿ ಕಣ್ಣು ಮಾತ್ರ ಉಳಿದಿದ್ದವು. ಡಾಕ್ಟ್ರಮ್ಮ ಕತ್ತಿನ ಬದಿಯನ್ನು ತಡವಿ ನೋಡಿದರು, ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಮಾವನ ಕಡೆ ತಿರುಗಿದರು.

"ಯಜಮಾನ್ರೆ, ಗದ್ದೇಲಿ ಕಳೆ ಕೀಳಿಸ್ತೀರಲ್ಲ, ಎಷ್ಟು ಕಿತ್ರೂ ಯಾವ ಹುಲ್ಲು ಉಳ್ಕೊಳ್ತದೆ?"

ಮಾವನಿಗೆ ಇದೇನು ಪ್ರಶ್ನೆ ಎನಿಸಿರಬೇಕು. ಆದರೆ ಬೇಸಾಯದ ಪ್ರಶ್ನೆಗೆ ಉತ್ತರ ಕೊಡದೆ ಇರಲಾರರು. "ಭತ್ತದಂಗೇ ಇರೋ ಹುಲ್ಲು ಒಂದದೆ. ಪೈರಿನ ಜತೇಲಿ ನಿಂತ್ರೆ ಅದ್ಯಾವ್ದು ಇದ್ಯಾವ್ದು ಅಂತ ಕೀಳೋರ್ಗೆ ಗೊತ್ತಾಗಕಿಲ್ಲ. ತೆನೆ ಬಂದ್ಮೇಲೇ ತಿಳಿಯೋದು."

"ಅದು ಭತ್ತದಂಗೆ ಕಾಣೋದನ್ನ ಎಲ್ಲಿ ಕಲೀತು?"

"ಎಲ್ಲಾರಾ ಉಂಟಾ! ಉಲ್ಲು ಕಲ್ತಾತಾ? ಬ್ಯಾರೆ ಥರ ಇದ್ದುದ್ನೆಲ್ಲಾ ನಾವೇ ಕಿತ್ತಾಕಿದ್ವಲ್ಲ, ಇದೊಂದು ಉಳ್ಕತು. ವರ್ಸಾ ವರ್ಸಾ ಇದರ ಬೀಜನೇ ಬೀಳ್ತದೆ."

ಡಾಕ್ಟ್ರಮ್ಮ ನನ್ನತ್ತ ನೋಡಿ, ಕೇಳಿಸಿಕೊಂಡೆಯಾ ಎಂಬಂತೆ ಹುಬ್ಬೇರಿಸಿದರು. ಆಮೇಲೆ ಮೆಲ್ಲಗೆ ಹೇಳಿದರು. "ನಿಮ್ಮ ಅಳಿಯನ ಎದೇಲಿ ಹಂಗೇ ಆಗದೆ. ಒಂದೇ ಮಾತ್ರೆ ಕೊಟ್ಟು ಕೊಟ್ಟು, ಆ ಮಾತ್ರೆಗೆ ಸಿಗದೆ ಇರೋ ಕ್ರಿಮಿ ಉಳ್ಕೊಂಡದೆ. ಅದರ ಬೀಜನೇ ಈ ಮಗೀಗೂ ಬಿದ್ದದೆ. ಈಗ ಇಲ್ಲಿ ಕೊಡ್ತಿರೋದೂ ಅದೇ ಮಾತ್ರೆ. ಹಲ್ಲಿನ ಕಾಟ ಅಲ್ಲ ಯಜಮಾನ್ರೆ, ಇದಕ್ಕೂ ಎದೆ ಹಿಡಿದದೆ."

ಮಾವ ಬಕೆಟ್ಟನ್ನು ಕೆಳಗಿಟ್ಟರು. ಅವರ ಬಾಯಿಂದ ಬಂದದ್ದು ಒಂದೇ ಮಾತು: "ಈಗೇನ್ ಮಾಡಾಣ ಏಳವ್ವ."

ಅಲ್ಲಿಂದ ಸೀದಾ ಮಗುವಿಗೆ ಮಾತ್ರೆ ಕೊಡುತ್ತಿದ್ದ ಆಸ್ಪತ್ರೆಗೆ. ಅಲ್ಲಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಶ್ರದ್ಧೆಯುಳ್ಳವರು. ಅವರು ಮಾಡಿದ್ದರಲ್ಲಿ ತಪ್ಪಿರಲಿಲ್ಲ. ಮನೆಯಲ್ಲಿ ಕ್ಷಯವಿದ್ದರೆ ಕೂಸಿಗೆ ಆ ಮಾತ್ರೆಯೇ ಎಂಬುದು ಆಗಿನ ನಿಯಮ. ಅವರ ಅಳುಕು ಬೇರೆ. "ಮೇಡಂ, ಅಪ್ಪನ ಕಫದಲ್ಲಿ ಕಂಡದ್ದನ್ನ ಮಗುವಿಗೆ ಹೇಗೆ ಹೇಳೋದು? ಮಗುವಿನ ಕಫ ಸಿಗೋದಿಲ್ಲ. ಇಷ್ಟು ಚಿಕ್ಕ ಕೂಸಿಗೆ ದಿನಾ ಇಂಜೆಕ್ಷನ್ನು ಕೊಟ್ಟರೆ ಕಿವಿ ಹೋದೀತು."

"ಕೂಸು ಕಫ ನುಂಗ್ತದೆ. ಬೆಳಗಿನ ಹೊತ್ತು ಹೊಟ್ಟೆಯ ನೀರು ತೆಗೆದುಕೊಡಿ, ನಾನು ಬೆಳೆಸ್ತೀನಿ. ಆದರೆ ಅದು ಬೆಳೆಯೋದರೊಳಗೆ ಈ ಮಗು ಇರೋದಿಲ್ಲ. ಅಪ್ಪನ ಸೀಸೆಯೇ ಇದರ ಸೀಸೆ ಅಂತ ನಂಬಿ ಶುರು ಮಾಡಿ. ಕಿವಿ ನೋಡ್ಕೊಳ್ಳೋದು ನನ್ನ ಕೆಲಸ. ತಪ್ಪಾದರೆ ನಾನು ಹೇಳ್ದೆ ಅಂತ ಬರೀರಿ. ಈಗಲೇ ಬರ್ಕೊಳ್ಳಿ."

ಆ ತರುಣ ಡಾಕ್ಟರು ಮಗುವನ್ನೂ ಅವರನ್ನೂ ನೋಡಿದರು. ಹೆಸರು ಬರೆಯಲಿಲ್ಲ. ಎದ್ದು ಹೋಗಿ ಇಂಜೆಕ್ಷನ್ನಿನ ಸೀಸೆ ತಂದರು. ಮುಂದೆ ಎರಡು ತಿಂಗಳು, ಹಬ್ಬ ಭಾನುವಾರ ಎನ್ನದೆ, ಆ ಪುಟ್ಟ ತೊಡೆಗೆ ಸೂಜಿ ಚುಚ್ಚಿದವರು ಅವರೇ.

ಹೊಸ ಸಿರಪ್ಪು ಕುಡಿದ ಮಾರನೆಯ ದಿನ ಮಗು ಕೆಂಪಗೆ ಉಚ್ಚೆ ಹೊಯ್ದಾಗ ನನ್ನ ಅತ್ತೆ ಮನೆ ತಲೆಕೆಳಗಾಗುವಂತೆ ಕೂಗಿಕೊಂಡರಂತೆ. ಮಾವ ಮೊಮ್ಮಗಳ ಒದ್ದೆ ಚಡ್ಡಿಯನ್ನೇ ಪೇಪರಿನಲ್ಲಿ ಸುತ್ತಿಕೊಂಡು, ಎರಡು ಬಸ್ಸು ಹಿಡಿದು, ಪಾಂಡವಪುರಕ್ಕೆ ಬಂದು ಡಾಕ್ಟ್ರಮ್ಮನ ಮೇಜಿನ ಮೇಲೆ ಇಟ್ಟರು. ಅವರು ಬಿದ್ದು ಬಿದ್ದು ನಕ್ಕು, "ಔಷಧೀ ಬಣ್ಣ ಕಣ್ರೀ. ನಿಮ್ಮ ಅಳಿಯನ್ನ ಕೇಳಿ, ಅವನದೂ ಹಂಗೇ ಹೋಗ್ತದೆ" ಎಂದರು. ಮಾವ ವಾರ್ಡಿನ ಬಾಗಿಲಿಗೆ ಬಂದು, ಆ ಮಾತನ್ನು ಹೇಗೆ ಕೇಳುವುದೆಂದು ತಿಳಿಯದೆ ತೊದಲಿದರು. ಕಾಯಿಲೆ ಬಿದ್ದ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು. ಒಂದೂವರೆ ತಿಂಗಳ ಮೇಲೆ ಮಾವ ಮತ್ತೆ ಬಂದಾಗ ಡಾಕ್ಟ್ರಮ್ಮ ಅವರನ್ನು ತಡೆದು, ನನ್ನ ಕಫದಲ್ಲಿ ಈಗ ಕ್ರಿಮಿ ಕಾಣುತ್ತಿಲ್ಲ, ಇನ್ನು ನನ್ನಿಂದ ಯಾರಿಗೂ ಅಪಾಯವಿಲ್ಲ ಎಂದು ಹೇಳಿದರು. ಮುಂದಿನ ವಾರ ನಾನು ಡಾಕ್ಟ್ರಮ್ಮನ ಜೊತೆ ಅಕ್ಕಿಹೆಬ್ಬಾಳಿಗೆ ಹೋದಾಗ ಮಾವ ಅಂಗಳದಲ್ಲಿ ನನ್ನನ್ನು ತಡೆಯಲಿಲ್ಲ.

ಅವತ್ತು ಡಾಕ್ಟ್ರಮ್ಮ ನನ್ನ ಸೀಟಿಯನ್ನು ತರಲು ಹೇಳಿದ್ದರು. ಇಂಜೆಕ್ಷನ್ನಿನಿಂದ ಕಿವಿಗೆ ಪೆಟ್ಟು ಬಿದ್ದಿದೆಯೇ ಎಂದು ಪ್ರತಿ ವಾರ ಅವರೇ ಬಂದು ಮಗುವಿನ ಹಿಂದೆ ಚಿಟಿಕೆ ಹೊಡೆದು, ಕಾಗದ ಮುದುರಿ, ಚಮಚ ಬಡಿದು ನೋಡುತ್ತಿದ್ದರು. ಚಮಚದ ಸದ್ದಿಗೆ ಮಗು ಒಗ್ಗಿಹೋಗಿ ತಿರುಗುವುದನ್ನೇ ಬಿಟ್ಟಿತ್ತು. ಕಿವಿ ಹೋಗಿದೆಯೋ, ಬೇಜಾರಾಗಿದೆಯೋ ತಿಳಿಯದು. ಹೆಂಡತಿಯ ಮುಖ ಬಿಳಿಚಿಕೊಂಡಿತ್ತು. ನನ್ನನ್ನು ಹೊಸ್ತಿಲಾಚೆ ನಿಲ್ಲಿಸಿ, "ಊದು, ಮೆತ್ತಗೆ" ಅಂದರು ಡಾಕ್ಟ್ರಮ್ಮ. ನನಗೆ ಉಸಿರು ಬಂದೀತೋ ಇಲ್ಲವೋ ಎಂಬ ಭಯ. ಬಂತು. ಮಗಳು ಗಕ್ಕನೆ ತಿರುಗಿದಳು. ನನ್ನನ್ನು ಕಂಡು ಒಂದು ಕ್ಷಣ ಗುರುತು ಹುಡುಕಿದಳು. ಆಮೇಲೆ ಎದ್ದು, ತೂರಾಡುತ್ತ, ಸೀಟಿಯ ಕಡೆಗೆ ನಡೆದು ಬಂದಳು.

"ಎತ್ಕೋ. ಇನ್ನೇನು ಪರ್ಮಿಷನ್ ಬೇಕು ನಿನಗೆ?" ಎಂದರು ಡಾಕ್ಟ್ರಮ್ಮ.

ಮಗುವಿನ ಹೊಟ್ಟೆಯ ನೀರಿನಿಂದ ಬೆಳೆದ ಸೀಸೆಯ ಫಲಿತಾಂಶ ಬರುವ ಹೊತ್ತಿಗೆ ಅವಳ ಕೆನ್ನೆ ತುಂಬತೊಡಗಿತ್ತು. ಅದರಲ್ಲೂ ನೊರೆ ಬಂದಿರಲಿಲ್ಲ. ಗೆದ್ದೆನೆಂದು ಅವರು ಆಡಿಕೊಳ್ಳಲಿಲ್ಲ. "ಸದ್ಯ, ಕಾಯ್ಲಿಲ್ಲ" ಎಂದಷ್ಟೇ ಅಂದು ಆ ತರುಣ ಡಾಕ್ಟರಿಗೆ ಫೋನು ಮಾಡಲು ಹೋದರು.

ನನಗೆ ವಾಸಿಯಾಗಿ ಮತ್ತೆ ಕೆಲಸಕ್ಕೆ ಸೇರಿದ ಮೇಲೂ ಪಾಂಡವಪುರದಲ್ಲಿ ಬಸ್ಸು ನಿಂತಾಗಲೆಲ್ಲ ಒಂದಲ್ಲ ಒಂದು ನೆಪದಲ್ಲಿ ಅವರನ್ನು ನೋಡುತ್ತಿದ್ದೆ. ಒಂದು ದಿನ ಬಸ್‌ಸ್ಟ್ಯಾಂಡಿಗೇ ಬಂದು ಕಾಯುತ್ತಿದ್ದರು. ಕೈಯಲ್ಲಿ ಒಂದು ಜೆರಾಕ್ಸು, ಕೈಚೀಲದಲ್ಲಿ ಆಲೆಮನೆಯ ಬಿಸಿ ಬೆಲ್ಲ. ಜೆರಾಕ್ಸು ಬೆಂಗಳೂರಿನ ಹಳೆಯ ಸಹೋದ್ಯೋಗಿಯೊಬ್ಬರು ಕಳಿಸಿದ್ದಂತೆ. ನಮ್ಮ ಮಾತ್ರೆಯನ್ನು ವಿಷ ಮಾಡುವ ಆ ಕಿಣ್ವದ ಜೀನು ಯಾವುದೆಂದು ವಿದೇಶದಲ್ಲಿ ಹುಡುಕಿ ತೆಗೆದಿದ್ದರು. ಔಷಧಿಗೆ ಬಗ್ಗದ ಕ್ರಿಮಿಯೊಳಕ್ಕೆ ಒಳ್ಳೆಯ ಜೀನನ್ನು ಮರಳಿ ಸೇರಿಸಿದರೆ ಅದು ಮತ್ತೆ ಔಷಧಿಗೆ ಸಾಯುತ್ತಿತ್ತು. "ಗೊತ್ತಾಯ್ತೇನಯ್ಯ? ಕಾವಲುಗಾರನ್ನ ವಾಪಸ್ಸು ಕೂರಿಸಿದ್ರು, ಸತ್ತೋಯ್ತು!" ಎಂದು ಅವರು ಕೂಗಿದ್ದಕ್ಕೆ ಬಸ್ಸಿನವರೆಲ್ಲ ಯಾರೋ ಕಳ್ಳ ಸಿಕ್ಕಿರಬೇಕೆಂದು ಕಿಟಕಿಯಿಂದ ಬಗ್ಗಿದರು. ಎಲ್ಲರಿಗೂ ಬೆಲ್ಲ ಹಂಚಿದರು. ಯಾಕೆಂದು ಕೇಳಿದವರಿಗೆ, "ಮನೇಲಿ ಶುಭ ಕಾರ್ಯ" ಅಂದರು.

ಅವರ ಗೆಲುವು ಸದಾ ಒಂದೇ ಥರ ಇರಲಿಲ್ಲ. ಆ ದಶಕದ ನಡುವಿನಲ್ಲಿ ಅವರ ಪೆಟ್ಟಿಗೆಯಲ್ಲಿ ಬೇರೆ ಬಗೆಯ ಸೀಸೆಗಳು ಹೆಚ್ಚುತ್ತ ಬಂದವು. ಹನಿ ಹಾಕಿದರೆ ಚೆನ್ನಾಗಿ ನೊರೆ ಬರುವುದು. ಆದರೂ ಮಾತ್ರೆಯ ಔಷಧಿ ಬೆರೆಸಿದ ಸೀಸೆಯಲ್ಲಿ ಕ್ರಿಮಿ ಆರಾಮಾಗಿ ಬೆಳೆಯುವುದು. ಅದಕ್ಕೇ ನೊರೆಯೊಂದನ್ನೇ ಅವರು ಎಂದೂ ನಂಬಿದವರಲ್ಲ. ಶ್ರೀರಂಗಪಟ್ಟಣದಲ್ಲಿ ಸುತ್ತಲಿನ ಡಾಕ್ಟರುಗಳ ಸಭೆಯೊಂದಕ್ಕೆ ನನ್ನ ಬಸ್ಸಿನಲ್ಲೇ ಹೊರಟವರು ದಾರಿಯುದ್ದಕ್ಕೂ ನನಗೆ ಅದನ್ನು ಹೇಳಿದರು. ನನ್ನೊಳಗೆ ಇದ್ದದ್ದು ಕಾವಲುಗಾರನನ್ನೇ ಕಳೆದುಕೊಂಡ ಕ್ರಿಮಿ, ಅದಕ್ಕೆ ತಾಕತ್ತು ಕಡಿಮೆ. ಇದು ಹಾಗಲ್ಲ. ಇದರಲ್ಲಿ ಕಾವಲುಗಾರ ತನ್ನ ಕೆಲಸ ಮಾಡುತ್ತಾನೆ, ನಮ್ಮ ಮಾತ್ರೆಯನ್ನು ಮಾತ್ರ ಮುಟ್ಟುವುದಿಲ್ಲ. ಜೀನಿನಲ್ಲಿ ಎಲ್ಲೋ ಒಂದು ಅಕ್ಷರ ಬದಲಾದರೆ ಸಾಕು. ನಾವು ಒಂದೊಂದೇ ಮಾತ್ರೆ ಕೊಟ್ಟು ಆರಿಸುತ್ತ ಹೋದಷ್ಟೂ ಇಂಥದ್ದೇ ಉಳಿದು, ಊರಿಂದೂರಿಗೆ ದಾಟುತ್ತದೆ.

"ಎದ್ರಿಕೆ ಆಯ್ತದಾ ಅಮ್ಮಾವ್ರೆ?" ಎಂದು ಕೇಳಿದೆ.

"ಹೆದ್ರಿಕೆ ಯಾಕೆ? ಅದು ಎಲ್ಲಿ ಉಳೀತದೆ ಅಂತ ನಮಗೆ ಗೊತ್ತಲ್ಲ. ಉಳಿಯೋಕೆ ಜಾಗ ಕೊಡ್ಬಾರ್ದು ಅಷ್ಟೆ" ಎಂದು ಇಳಿದು, ಸೆರಗು ಸಿಕ್ಕಿಸಿಕೊಂಡು, ಮೆಟ್ಟಿಲು ಹತ್ತಿ ಹೋದರು. ಆ ಸಭೆಯಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ಆದರೆ ನಮ್ಮೂರ ಹತ್ತಿರ ನನಗೆ ಒಂದೇ ಮಾತ್ರೆ ಬರೆದುಕೊಟ್ಟಿದ್ದವರು ಕೆಮ್ಮಿನವರನ್ನು ತಾವು ಇಟ್ಟುಕೊಳ್ಳದೆ ಪಾಂಡವಪುರಕ್ಕೆ ಕಳಿಸತೊಡಗಿದ್ದನ್ನು ನಾನೇ ಕಂಡಿದ್ದೇನೆ. ಅಂಥ ಎಷ್ಟೋ ಜನರಿಗೆ ನನ್ನ ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದುಕೊಟ್ಟಿದ್ದೇನೆ.

ಆ ದಶಕ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ, ಡಾಕ್ಟ್ರಮ್ಮ ಬೂಕನಕೆರೆಯ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದವರು ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಗೆ ಒಯ್ಯಲು ಗಾಡಿ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರು. ಸುದ್ದಿಯನ್ನು ನನಗೆ ಮುಟ್ಟಿಸಿದವನು ಆ ಕಡೆಯ ಬಸ್ಸಿನ ಕಂಡಕ್ಟರು. ನಾನು, ಹೆಂಡತಿ, ಶಾಲೆಗೆ ಹೋಗುತ್ತಿದ್ದ ಮಗಳು ಹೊರಟೆವು. ಅಕ್ಕಿಹೆಬ್ಬಾಳಿನಿಂದ ಮಾವನೂ ಬಂದಿದ್ದರು.

ಅವರ ಮನೆಯ ಅಂಗಳ ತುಂಬಿಹೋಗಿತ್ತು. ನೆಂಟರು ಒಂದು ಕಡೆ. ಇನ್ನೊಂದು ಕಡೆ, ಯಾರ ನೆಂಟರೂ ಅಲ್ಲದ ಜನ. ಪೇಟೆಯ ಕಡೆಯ ಒಬ್ಬ ಮೇಷ್ಟ್ರು, ಶ್ರೀರಂಗಪಟ್ಟಣದಿಂದ ಬಂದಿದ್ದ ಒಬ್ಬ ಸಾಹೇಬರು ಮತ್ತು ಅವರ ಹೆಂಡತಿ, ಸೆರಗು ಹೊದ್ದ ಹೆಂಗಸರು, ಟೋಪಿಯ ಮುದುಕರು, ಕೂಸು ಎತ್ತಿಕೊಂಡ ತಾಯಂದಿರು. ಯಾರೂ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಒಬ್ಬರನ್ನೊಬ್ಬರು ನೋಡಿ ಕಣ್ಣು ತಪ್ಪಿಸುತ್ತಿದ್ದರು. ಡಾಕ್ಟ್ರಮ್ಮನ ತಮ್ಮ ನೀರು ಹಂಚಿಸುತ್ತ, ಮರ್ಯಾದೆಗೆ, "ತಮಗೆ ಅಕ್ಕ ಹೇಗೆ ಪರಿಚಯ?" ಎಂದು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. "ಇಂಗೇ, ಪರಿಚಯ" ಎಂದರು ಒಬ್ಬರು. "ನಮ್ಮೂರ ಕಡೆ ಬರ್ತಿದ್ರು" ಎಂದರು ಇನ್ನೊಬ್ಬರು. ಮೇಷ್ಟ್ರು ಬರೀ ಕೈ ಮುಗಿದರು. ನನ್ನ ಸರದಿ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಮಾವ ಮೊಮ್ಮಗಳ ಹೆಗಲ ಮೇಲೆ ಕೈಯಿಟ್ಟು ಮುಂದೆ ಬಂದರು.

"ನನ್ನ ಮೊಮ್ಮಗೀಗೆ ಕ್ಷಯ ಆಗಿತ್ತು ಕಣಪ್ಪಾ" ಎಂದರು, ಅಂಗಳಕ್ಕೆಲ್ಲ ಕೇಳುವಂತೆ. "ಕೂಸಾಗಿದ್ದಾಗ. ನಿಮ್ಮಕ್ಕ ನಮ್ಮ ಕೊಟ್ಟಿಗೆಗಂಟ ಬಂದು ಉಳಿಸ್ಕೊಟ್ಲು. ಇವ್ಳೇ ನೋಡು."

ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಮಗಳು ತಾತನ ಮುಖವನ್ನೇ ನೋಡುತ್ತಿದ್ದಳು.

ಹಿಂದೆ ನಿಂತಿದ್ದ ಮೇಷ್ಟ್ರು ಕನ್ನಡಕ ತೆಗೆದು, "ನನಗೂ ಆಗಿತ್ತು" ಅಂದರು. ಸಾಹೇಬರು ಹೆಂಡತಿಯ ಕಡೆ ಕೈ ತೋರಿ, "ಇವ್ರಿಗೂ" ಎಂದರು. ಕೂಸು ಎತ್ತಿಕೊಂಡಿದ್ದವಳೊಬ್ಬಳು, "ನಂಗೂ ಕಣಣ್ಣಾ" ಅಂದಳು. ಆಮೇಲೆ ಯಾರು ಯಾವಾಗ ಹೇಳಿದರೋ ತಿಳಿಯಲಿಲ್ಲ. ಜಗಲಿಯಿಂದ, ಹುಣಸೆ ಮರದ ಕೆಳಗಿನಿಂದ, ಗೇಟಿನ ಆಚೆಯಿಂದ ಒಂದೊಂದೇ ದನಿ ಎದ್ದಿತು. ನಾವು ಬದುಕಿ ಉಳಿದವರು ಇಷ್ಟು ಜನ ಇದ್ದೇವೆಂದು ನಮಗ್ಯಾರಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.